ಟಿಬಿ: ಕಫ ಕೊಟ್ಟ ದಿನದಿಂದ ಮೊದಲ ಮಾತ್ರೆಯವರೆಗೆ

ಟಿಬಿ ಮಾತ್ರೆಯನ್ನು ಅರ್ಧಕ್ಕೆ ಬಿಡುವವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಮಾತ್ರೆ ಶುರುವೇ ಮಾಡದವರ ಬಗ್ಗೆ ಮಾತು ಕಡಿಮೆ. ಇವರು ಕಫ ಕೊಟ್ಟಿರುತ್ತಾರೆ, ರೋಗ ಇದೆ ಅಂತ ರಿಪೋರ್ಟೂ ಬಂದಿರುತ್ತದೆ. ಲ್ಯಾಬಿನ ರಿಜಿಸ್ಟರಿನಲ್ಲಿ ಹೆಸರಿದೆ, ಚಿಕಿತ್ಸೆಯ ರಿಜಿಸ್ಟರಿನಲ್ಲಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2013ರ ವ್ಯಾಖ್ಯಾನದ ಪ್ರಕಾರ ಇಂಥವರೂ ‘ಕೈತಪ್ಪಿದ ರೋಗಿ’ಗಳೇ. ಚಿಕಿತ್ಸೆ ಇಲ್ಲದಿದ್ದರೆ ಟಿಬಿ ಬಂದವರಲ್ಲಿ ಸುಮಾರು ಅರ್ಧದಷ್ಟು ಜನ ಸಾಯುತ್ತಾರೆ. ಅಲ್ಲಿಯವರೆಗೆ ಕೆಮ್ಮಿನ ಮೂಲಕ ರೋಗ ಹರಡುತ್ತಲೇ ಇರುತ್ತದೆ.

ಕೆಲಸ ಶುರುವಾಗಬೇಕಾದದ್ದು ಕಫ ಕೊಡುವ ದಿನವೇ. ಎದೆಯಾಳದಿಂದ ಕೆಮ್ಮಿ ಕಫ ತೆಗೆಯಿರಿ. ಬರೀ ಎಂಜಲು ಕೊಟ್ಟರೆ ರೋಗ ಪತ್ತೆಯಾಗದೇ ಹೋಗಬಹುದು. ಫೋನ್ ನಂಬರ್ ಎರಡು ಬರೆಸಿ: ನಿಮ್ಮದೊಂದು, ನಿಮಗೆ ನಂಬಿಕೆ ಇರುವವರದೊಂದು. ವಿಳಾಸ ಕೇಳಿದರೆ ದಾಖಲೆಯಲ್ಲಿ ಇರುವುದರ ಜೊತೆ ಈಗ ಇರುವ ಜಾಗವನ್ನೂ ಹೇಳಿ. ಮನೆಗೆ ಯಾರಾದರೂ ಹುಡುಕಿಕೊಂಡು ಬರುವುದು ಮುಜುಗರ ಅನ್ನಿಸಿದರೆ ಅದನ್ನೂ ಅಲ್ಲೇ ಹೇಳಿಬಿಡಿ. ಎಷ್ಟೋ ಜನ ತಪ್ಪು ನಂಬರ್ ಕೊಡುವುದು ಇದೇ ಭಯಕ್ಕೆ. ಆಮೇಲೆ ಮೂರು ಪ್ರಶ್ನೆ ಕೇಳಿ: ರಿಪೋರ್ಟ್ ಯಾವತ್ತು ಸಿಗುತ್ತದೆ? ಯಾರು ತಿಳಿಸುತ್ತಾರೆ? ರೋಗ ಇದ್ದರೆ ನಾನು ಎಲ್ಲಿಗೆ ಹೋಗಬೇಕು? ಉತ್ತರ ಬರೆದುಕೊಂಡೇ ಹೊರಡಿ.

ಈಗಿನ ಮಾಲಿಕ್ಯುಲರ್ ಪರೀಕ್ಷೆಯ (ಕಫದಲ್ಲಿ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಯಂತ್ರ ಸುಮಾರು 2 ಗಂಟೆಯಲ್ಲಿ ಫಲಿತಾಂಶ ಕೊಡುತ್ತದೆ. ಅದು ರೋಗಿಯ ಕೈಗೆ ಬರುವುದಕ್ಕೆ ಮಾತ್ರ ದಿನಗಟ್ಟಲೆ ಹಿಡಿಯಬಹುದು. ಅಷ್ಟರಲ್ಲಿ ಕೆಮ್ಮು ಸ್ವಲ್ಪ ಇಳಿದಿರುತ್ತದೆ, ಕೆಲಸಕ್ಕೆ ರಜೆ ಸಿಕ್ಕಿರುವುದಿಲ್ಲ. ಫೋನ್ ಬಂದಿಲ್ಲ, ಹಾಗಾದರೆ ಏನೂ ಇಲ್ಲ ಅಂತ ಸುಮ್ನೆ ಇರಬೇಡಿ. ಹೇಳಿದ ದಿನ ದಾಟಿದರೆ ನೀವೇ ಹೋಗಿ ಕೇಳಿ.

ರೋಗ ಇದೆ ಅಂತಾದರೆ, ಆ ಭೇಟಿಯಲ್ಲೇ ಮಾತ್ರೆ ಶುರು ಮಾಡಬಹುದೇ ಅಂತ ವೈದ್ಯರನ್ನು ಕೇಳಿ. ಬೇರೆ ಊರಿನಲ್ಲಿ ಚಿಕಿತ್ಸೆ ಬೇಕಿದ್ದರೆ ಬರೀ ಚೀಟಿ ಹಿಡಿದು ಹೊರಡಬೇಡಿ. ಕಳಿಸುವವರು ಅಲ್ಲಿನ ಕೇಂದ್ರಕ್ಕೆ ಫೋನ್ ಮಾಡಲಿ, ನೀವು ತಲುಪಿದಿರಾ ಅಂತ ಮತ್ತೆ ವಿಚಾರಿಸಲಿ. ಟಿಬಿಯ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಬಗ್ಗದ ಟಿಬಿ ಆದರೆ ದೊಡ್ಡ ಆಸ್ಪತ್ರೆಗೆ ಕಳಿಸುವುದುಂಟು. ದಾರಿ ತಪ್ಪುವ ಇನ್ನೊಂದು ಜಾಗ ಅದು.

ಸಾಮಾನ್ಯ ಟಿಬಿಗೆ ಹೆಚ್ಚಾಗಿ ಕೊಡುವುದು 6 ತಿಂಗಳ ಚಿಕಿತ್ಸೆ: ಮೊದಲ 2 ತಿಂಗಳು ನಾಲ್ಕು ಔಷಧಿ, ಆಮೇಲೆ 4 ತಿಂಗಳು ಎರಡು (ಭಾರತದ ಸರ್ಕಾರಿ ಕಾರ್ಯಕ್ರಮದಲ್ಲಿ ಮೂರು). ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದರಿಂದ ತೊಂದರೆಯಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಹೆದರಿಕೆಯಾಗುವುದು ಸಹಜ, ಅಲ್ವಾ? ಕಣ್ಣು ಹಳದಿಯಾದರೆ ಅಥವಾ ವಾಂತಿ ನಿಲ್ಲದಿದ್ದರೆ ಮಾತ್ರ ತಡಮಾಡದೆ ವೈದ್ಯರ ಬಳಿ ಹೋಗಿ.

ಸಿಬ್ಬಂದಿಗೂ ಒಂದು ಮಾತು. ವಾರಕ್ಕೊಮ್ಮೆ ಎರಡೂ ರಿಜಿಸ್ಟರ್ ಪಕ್ಕಪಕ್ಕ ಇಟ್ಟು ಹೆಸರು ತಾಳೆ ಹಾಕಿ. ಚಿಕಿತ್ಸೆಯ ರಿಜಿಸ್ಟರಿನಲ್ಲಿ ಹೆಸರು ಸಿಗದವರಿಗೆ ಫೋನ್ ಮಾಡಿ, ಆಗದಿದ್ದರೆ ಹೋಗಿ ನೋಡಿ. ತಡವಾಗಿ ಬಂದವರನ್ನು ಬೈಯಬೇಡಿ. ಬೈಸಿಕೊಂಡವರು ಮತ್ತೆ ಬರುವುದು ಅನುಮಾನ.

ಮನೆಯವರು ತಟ್ಟೆ, ಲೋಟ ಬೇರೆ ಮಾಡಬೇಕಿಲ್ಲ. ಟಿಬಿ ಹರಡುವುದು ಗಾಳಿಯಿಂದ. ಕಿಟಕಿ ತೆರೆದಿಡಿ, ಜೊತೆಯಲ್ಲಿ ಇರುವವರೆಲ್ಲ ತಪಾಸಣೆ ಮಾಡಿಸಿಕೊಳ್ಳಿ. 5 ವರ್ಷದೊಳಗಿನ ಮಕ್ಕಳಿದ್ದರೆ ಕೆಮ್ಮು ಇಲ್ಲದಿದ್ದರೂ ಕರೆದುಕೊಂಡು ಹೋಗಿ; ರೋಗ ಬರದಂತೆ ತಡೆಯುವ ಔಷಧಿ ಅವರಿಗೆ ಬೇಕಾಗಬಹುದು.