ಇಳಿಜಾರಿನಲ್ಲಿ ಮನೆ: ಗೋಡೆಗಿಂತ ಮೊದಲು ನೀರಿನ ದಾರಿ

ಮಲೆನಾಡಿನಲ್ಲಿ ಮನೆ ಕಟ್ಟಲು ಹೊರಟವರು ಮೊದಲು ಕರೆಸುವುದು ಜೆಸಿಬಿಯನ್ನು. ಗುಡ್ಡವನ್ನು ನೆಟ್ಟಗೆ ಕಡಿದು, ಬಂದ ಮಣ್ಣನ್ನು ಮುಂದಕ್ಕೆ ತಳ್ಳಿದರೆ ಎರಡೇ ದಿನದಲ್ಲಿ ಅಂಗಳ ಸಿದ್ಧ. ಮುಂದಿನ ಅನಾಹುತದ ಅರ್ಧ ಪಾಲು ಆ ಎರಡು ದಿನದಲ್ಲೇ ಮುಗಿದಿರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಸಾಲುಸಾಲಾಗಿ ಕುಸಿದಾಗ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ವಿಪರೀತ ಮಳೆಯ ಜೊತೆಗೆ ಇಳಿಜಾರು ಕಡಿದದ್ದನ್ನೂ ಕಾರಣವಾಗಿ ಹೇಳಿತ್ತು. ಬರೆ, ಅಂದರೆ ಗುಡ್ಡ ಕಡಿದಾಗ ನೆಟ್ಟಗೆ ಉಳಿಯುವ ಮಣ್ಣಿನ ಮೈ, ನಿಲ್ಲುವುದೂ ಬೀಳುವುದೂ ಅದರೊಳಗೆ ಎಷ್ಟು ನೀರು ಸೇರಿಕೊಂಡಿದೆ ಎಂಬುದರ ಮೇಲೆ. ಹಾಗಾಗಿ ಚರಂಡಿಗೂ ತಡೆಗೋಡೆಗೂ ದುಡ್ಡು ತೆಗೆದಿಟ್ಟು, ಉಳಿದದ್ದರಲ್ಲಿ ಎಷ್ಟು ದೊಡ್ಡ ಮನೆ ಆಗುತ್ತದೆ ಎಂದು ಲೆಕ್ಕ ಹಾಕಿ.

ಜಾಗವನ್ನು ಮಳೆಗಾಲದಲ್ಲೇ ನೋಡಬೇಕು. ಫೆಬ್ರುವರಿಯಲ್ಲಿ ಎಲ್ಲ ಗುಡ್ಡವೂ ಸಾಧುವಾಗಿಯೇ ಕಾಣುತ್ತದೆ. ಬುಡದಲ್ಲಿ ಬಾಗಿ ಮೇಲೆ ನೆಟ್ಟಗಾದ ಮರಗಳಿದ್ದರೆ ಅಲ್ಲಿ ಮಣ್ಣು ನಿಧಾನವಾಗಿ ಜಾರುತ್ತಿರಬಹುದು. ನಡುಗುಡ್ಡದಲ್ಲಿ ಒರತೆ, ನೆಲದಲ್ಲಿ ಅಡ್ಡಬಿರುಕು, ಎರಡು ದಿಬ್ಬಗಳು ಕೂಡುವ ತಗ್ಗು ಕಂಡರೆ ಆ ಜಾಗ ಬಿಡಿ. ಇಳಿಜಾರನ್ನು ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ಅಳೆಯಬಹುದು: ಅಡ್ಡಕ್ಕೆ 10 ಮೀಟರ್ ಹೋದಾಗ 3.6 ಮೀಟರ್ ಇಳಿದರೆ ಅದು 20 ಡಿಗ್ರಿ, 5.8 ಮೀಟರ್ ಇಳಿದರೆ 30 ಡಿಗ್ರಿ. ಮಣ್ಣಿನ ಗುಡ್ಡದಲ್ಲಿ 30 ಡಿಗ್ರಿ ಎಂದರೆ ಮನೆಯ ಮಾತೇ ಬೇಡ.

ಕಡಿಯುವುದು ಕಡಿಮೆ ಮಾಡಲು ಒಂದು ದಾರಿ, ಮನೆಯನ್ನೇ ಮೆಟ್ಟಿಲು ಮಾಡುವುದು. 20 ಡಿಗ್ರಿ ಇಳಿಜಾರಿನಲ್ಲಿ 8 ಮೀಟರ್ ಅಗಲದ ಮನೆಗೆ ಒಂದೇ ಮಟ್ಟ ಬೇಕೆಂದರೆ ಹಿಂದೆ 2.9 ಮೀಟರ್ ಬರೆ ಏಳುತ್ತದೆ. ನಾಲ್ಕು ನಾಲ್ಕು ಮೀಟರಿನ ಎರಡು ಮಟ್ಟ ಮಾಡಿಕೊಂಡರೆ ಒಂದೊಂದು ಕಡಿತವೂ ಒಂದೂವರೆ ಮೀಟರಿನೊಳಗೆ ಮುಗಿಯುತ್ತದೆ. ಮನೆಯೊಳಗೆ ಎಂಟು ಹತ್ತು ಮೆಟ್ಟಿಲು ಬರುತ್ತವೆ, ವಯಸ್ಸಾದವರಿಗೆ ಕಷ್ಟ ನಿಜ. ಅವರ ಕೋಣೆ, ಅಡುಗೆಮನೆ, ಬಚ್ಚಲು ಮೂರನ್ನೂ ಒಂದೇ ಮಟ್ಟದಲ್ಲಿಡಿ. ಹಿಂದಿನ ಬರೆಗೂ ಗೋಡೆಗೂ ನಡುವೆ ಕನಿಷ್ಠ ಬರೆಯ ಎತ್ತರದಷ್ಟು ಜಾಗ ಇರಲಿ; ಆ ಜಾಗಕ್ಕೂ ಕಡಿಯಬೇಕಾದ್ದರಿಂದ ಬರೆ ಮೇಲಿನ ಲೆಕ್ಕಕ್ಕಿಂತ ಎತ್ತರವಾಗುತ್ತದೆ. ತಳಪಾಯ ಪೂರ್ತಿ ಕಡಿದ ಗಟ್ಟಿನೆಲದ ಮೇಲೇ ಕೂರಬೇಕು. ಅರ್ಧ ಗಟ್ಟಿನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ಕೂತ ಮನೆ ಸರಿಯಾಗಿ ಅವೆರಡೂ ಸೇರುವ ಗೆರೆಯಲ್ಲಿ ಸೀಳುತ್ತದೆ.

ಈಗ ಚರಂಡಿ. ಬರೆಯ ನೆತ್ತಿಯಿಂದ ಮೂರು ಮೀಟರ್ ಮೇಲೆ, ಗುಡ್ಡಕ್ಕೆ ಅಡ್ಡಲಾಗಿ 45 ಸೆಂ.ಮೀ. ಅಗಲ, 45 ಸೆಂ.ಮೀ. ಆಳದ ಕಾಲುವೆ ತೆಗೆದು, ಪ್ರತಿ 10 ಮೀಟರಿಗೆ 10 ಸೆಂ.ಮೀ. ವಾಟ ಕೊಡಿ. ಮೇಲಿನ ಸಾವಿರ ಚದರ ಮೀಟರ್ ಜಾಗದ ಮೇಲೆ ಗಂಟೆಗೆ 100 ಮಿ.ಮೀ. ಮಳೆ ಸುರಿದು ಅರ್ಧದಷ್ಟು ಹರಿದು ಬಂದರೂ ಸೆಕೆಂಡಿಗೆ ಸುಮಾರು 14 ಲೀಟರ್ ಆಗುತ್ತದೆ. ಈ ಅಳತೆ ಧಾರಾಳವಾಗಿ ಸಾಕು. ಹೆಚ್ಚಿನ ಜಾಗ ತರಗೆಲೆಗೂ ಹೂಳಿಗೂ ಬೇಕು. ಕಲ್ಲು ಕಟ್ಟಿ ಗಾರೆ ಮಾಡದೆ ಬರೀ ಮಣ್ಣಿನ ಅಗಳು ತೆಗೆದು ಬಿಟ್ಟರೆ ಏನೂ ಮಾಡದಿದ್ದುದಕ್ಕಿಂತ ಕೆಡುಕು: ಹರಿದು ಹೋಗಬೇಕಾದ ನೀರು ಬರೆಯ ನೆತ್ತಿಯಲ್ಲೇ ಇಂಗುತ್ತದೆ. ಕೊನೆಯ ತುದಿ ಹಳ್ಳಕ್ಕೇ ಸೇರಬೇಕು, ಕಡಿದಾದ ಕಡೆ ಕಲ್ಲಿನ ಮೆಟ್ಟಿಲು ಮಾಡಿ ಇಳಿಸಬೇಕು. ಪಕ್ಕದವರ ತೋಟಕ್ಕೆ ಬಿಟ್ಟು ಕೈತೊಳೆದುಕೊಂಡರೆ ಜಗಳವೂ ಗ್ಯಾರಂಟಿ, ಕುಸಿತವೂ ಗ್ಯಾರಂಟಿ.

ಬೆಂಗಳೂರಿನಲ್ಲಿ ಹೇಳುವ ಇಂಗುಗುಂಡಿಯನ್ನು ಇಲ್ಲಿ ಮನೆಯ ಮೇಲ್ಭಾಗದಲ್ಲಿ ತೆಗೆಯಬೇಡಿ. ಬಯಲಿನಲ್ಲಿ ಅದು ಪುಣ್ಯದ ಕೆಲಸ, ಬರೆಯ ಮೇಲೆ ಅದೇ ಅಪಾಯ. ಶೌಚದ ಗುಂಡಿಯೂ ಅಷ್ಟೇ: ಮನೆಯ ಕೆಳಗಿರಲಿ, ಬಾವಿಯಿಂದ 15 ಮೀಟರಿಗಿಂತ ದೂರವಿರಲಿ, ಕೆಳಗಿನ ಮನೆಯವರ ಬರೆಯ ನೆತ್ತಿಗೆ ಬಾರದಿರಲಿ.

ಒಂದೂವರೆ ಮೀಟರ್ ಎತ್ತರದ ಕಲ್ಲಿನ ತಡೆಗೋಡೆಗೆ ಬುಡದಲ್ಲಿ 80ರಿಂದ 90 ಸೆಂ.ಮೀ. ಅಗಲ, ತುದಿಯಲ್ಲಿ 45 ಸೆಂ.ಮೀ. ಇರಲಿ, ಬುಡ ಗಟ್ಟಿನೆಲದೊಳಗೆ 45 ಸೆಂ.ಮೀ. ಇಳಿಯಬೇಕು. ಎರಡು ಮೀಟರ್ ದಾಟಿದರೆ ಎಂಜಿನಿಯರ್ ನಕ್ಷೆಯಿಲ್ಲದೆ ಕೈ ಹಾಕಬೇಡಿ. ಗೋಡೆಯಲ್ಲಿ 75 ಮಿ.ಮೀ. ಪಿವಿಸಿ ಪೈಪಿನ ತೂತುಗಳನ್ನು ಒಂದೂವರೆ ಮೀಟರಿಗೆ ಒಂದರಂತೆ, ಹೊರಕ್ಕೆ ಸ್ವಲ್ಪ ವಾಟ ಕೊಟ್ಟು ಬಿಡಿ. ಇಷ್ಟನ್ನು ಎಲ್ಲ ಮೇಸ್ತ್ರಿಗಳೂ ಮಾಡುತ್ತಾರೆ. ತಪ್ಪುವುದು ಗೋಡೆಯ ಬೆನ್ನಿನಲ್ಲಿ. ಕಡಿದ ಮಣ್ಣನ್ನೇ ಪೈಪಿನ ಬಾಯಿಗೆ ತುಂಬಿದರೆ ಒಂದೆರಡು ಮಳೆಗಾಲದಲ್ಲೇ ತೂತು ಕಟ್ಟಿಕೊಳ್ಳುತ್ತದೆ, ಹಿಂದೆ ನಿಂತ ನೀರಿನ ಒತ್ತಡಕ್ಕೆ ಗೋಡೆ ಹೊಟ್ಟೆ ಬಿಡುತ್ತದೆ. ಬುಡದಿಂದ ಮೇಲಿನವರೆಗೂ 30 ಸೆಂ.ಮೀ. ದಪ್ಪ ಜಲ್ಲಿ ತುಂಬಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಮೇಲಿನ ಒಂದಡಿ ಮಾತ್ರ ಜೇಡಿಮಣ್ಣು, ಚೆನ್ನಾಗಿ ದಮ್ಮಸು ಮಾಡಿದ್ದು. ಬರೆಯ ಮೈಮೇಲೆ ಲಾವಂಚ ನೆಡಬಹುದು, ಬೇರು ಆಳಕ್ಕೆ ಹೋಗುತ್ತದೆ.

ಮನೆಯ ಗೋಡೆಗೆ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ ಒಳ್ಳೆಯ ಆಯ್ಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಈ ವಿಧಾನವನ್ನು ಬಹುವಾಗಿ ಬೆಳೆಸಿತು. 230×190×100 ಮಿ.ಮೀ. ಅಳತೆಯಲ್ಲಿ, ಶೇ 7 ಸಿಮೆಂಟ್ ಹಾಕಿದರೆ ಒಂದು ಮೂಟೆಗೆ ಸುಮಾರು 85 ಇಟ್ಟಿಗೆ ಬರುತ್ತವೆ. ಮಲೆನಾಡಿನ ಕೆಂಪುಮಣ್ಣಿನಲ್ಲಿ ಜೇಡಿ ಜಾಸ್ತಿ, ಹಾಗೇ ಒತ್ತಿದರೆ ಒಣಗುವಾಗ ಬಿರಿಯುತ್ತದೆ. ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಬಿಡಿ; ತಳದ ಮರಳಿನ ಪದರ ಮೂರರಲ್ಲಿ ಎರಡು ಪಾಲು ಇರಬೇಕು. ಕಡಿಮೆಯಾದರೆ ಕಲ್ಲುಪುಡಿ ಬೆರೆಸಿ. ನೀರಿನ ಹದಕ್ಕೆ ಮುಷ್ಟಿ ಉಂಡೆ ಮಾಡಿ ಎದೆಯೆತ್ತರದಿಂದ ಬೀಳಿಸಿ: ನಾಲ್ಕೈದು ಚೂರಾದರೆ ಹದ, ಪುಡಿಯಾದರೆ ನೀರು ಸಾಲದು, ಮುದ್ದೆಯಾಗೇ ಉಳಿದರೆ ಹೆಚ್ಚು. 21 ದಿನ ಗೋಣಿತಾಟು ಹೊದಿಸಿ ನೀರು ಹನಿಸಿ. ಒಂದು ಇಟ್ಟಿಗೆಯನ್ನು ಎರಡು ದಿನ ನೀರಲ್ಲಿ ಮುಳುಗಿಸಿಟ್ಟು ನೋಡಿ. ಮೂಲೆ ಕರಗಿದರೆ ಆ ರಾಶಿಯನ್ನು ಹೊರಗೋಡೆಗೆ ಬಳಸಬೇಡಿ. ಬುಡದ 60 ಸೆಂ.ಮೀ. ಹೇಗೂ ಸೈಜುಗಲ್ಲಿನದೇ ಆಗಬೇಕು.

ಅಡಿಪಾಯದ ಮೇಲೆ, ಬಾಗಿಲು ಕಿಟಕಿಗಳ ಮೇಲಿನ ಲಿಂಟಲ್ ಮಟ್ಟದಲ್ಲಿ, ಮಾಡಿನ ಕೆಳಗೆ ಮೂರು ಕಾಂಕ್ರೀಟ್ ಬೆಲ್ಟ್ ಹಾಕಿಸಿ: 75 ಮಿ.ಮೀ. ದಪ್ಪ, 10 ಮಿ.ಮೀ. ಕಂಬಿ ಎರಡು, 15 ಸೆಂ.ಮೀ.ಗೊಂದು 6 ಮಿ.ಮೀ. ಕೊಂಡಿ. ಮೂಲೆಯಲ್ಲಿ ಕಂಬಿ ಕೊನೆಯಾಗಬಾರದು. ಬಗ್ಗಿಸಿ ಪಕ್ಕದ ಗೋಡೆಯ ಕಂಬಿಯ ಜೊತೆ ಅರ್ಧ ಮೀಟರ್ ಒಟ್ಟಿಗೆ ಕಟ್ಟಬೇಕು. ಕಾಂಕ್ರೀಟ್ ಬೀಳುವ ಮೊದಲು ನೀವೇ ನಿಂತು ಮೂಲೆ ಮೂಲೆ ನೋಡಿ.

ಗಾಳಿಗೆ ಮೊದಲು ಹಾರುವುದು ಸೂರಿನ ತುದಿ. ಸೂರು ಉದ್ದವಿದ್ದರೆ ಗೋಡೆ ನೆನೆಯುವುದಿಲ್ಲ, ಗಾಳಿಗೆ ಮಾತ್ರ ಅದು ಹಿಡಿ ಸಿಕ್ಕಂತೆ, 45 ಸೆಂ.ಮೀ. ದಾಟಿದರೆ ಗೋಡೆಯಿಂದ ಓರೆಯಾಗಿ ಆಸರೆ ಕೊಡಿ. ಮೇಲಿನ ಬೆಲ್ಟಿನಿಂದಲೇ 12 ಮಿ.ಮೀ. ಬೋಲ್ಟ್ ಎಬ್ಬಿಸಿ ತೊಲೆಗೆ ಬಿಗಿಯಬೇಕು. ಶೀಟಾದರೆ ಜೆ-ಹುಕ್ಕನ್ನು ಅಲೆಯ ಉಬ್ಬಿನಲ್ಲೇ ಹಾಕಿ. ತಗ್ಗಿನಲ್ಲಿ ಹಾಕಿದ್ದು ಸೋರುತ್ತದೆ. ಅಂಚುಗಳಲ್ಲಿ ಹುಕ್ಕುಗಳ ಅಂತರ ಅರ್ಧಕ್ಕಿಳಿಸಿ.

ಮಳೆ ಇಷ್ಟಿದ್ದೂ ಮಾರ್ಚಿನಲ್ಲಿ ಕೊಡ ಹಿಡಿದು ಅಲೆಯುವ ಊರುಗಳು ಮಲೆನಾಡಿನಲ್ಲೇ ಇವೆ. ನೂರು ಚದರ ಮೀಟರ್ ಮಾಡಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 100 ಲೀಟರ್. ನಾಲ್ಕು ಜನಕ್ಕೆ ದಿನಕ್ಕೆ ತಲಾ 60 ಲೀಟರಿನಂತೆ 120 ದಿನಕ್ಕೆ 28,800 ಲೀಟರ್ ಬೇಕು. ಎರಡೂವರೆ ಮೀಟರ್ ವ್ಯಾಸ, 2.1 ಮೀಟರ್ ಎತ್ತರದ ಫೆರೋಸಿಮೆಂಟ್ (ತಂತಿಬಲೆಗೆ ಸಿಮೆಂಟ್ ಗಾರೆ ಬಳಿದು ಮಾಡಿದ) ತೊಟ್ಟಿ 10 ಸಾವಿರ ಲೀಟರ್ ಹಿಡಿಯುತ್ತದೆ, ಅಂಥವು ಮೂರು. ತುಂಬಿದಾಗ ಒಂದೊಂದೂ ಹತ್ತು ಟನ್ ಮೀರುತ್ತದೆ, ಅಂಗಳದ ಅಂಚಿಗೆ ಇಡಬೇಡಿ. ತುಂಬಿ ಹೊರಚೆಲ್ಲುವ ನೀರಿನ ಪೈಪನ್ನು ಚರಂಡಿಗೇ ಸೇರಿಸಿ. ಮೊದಲ ಮಳೆಯ ಕೊಳೆನೀರು ಹೊರಹಾಕಲು ಒಂದು ಪೈಪು ಇಳಿಬಿಟ್ಟರೆ ಸಾಲದು: 110 ಮಿ.ಮೀ. ಪೈಪು ಮೀಟರಿಗೆ ಸುಮಾರು 8 ಲೀಟರ್ ಮಾತ್ರ ಹಿಡಿಯುತ್ತದೆ, ನಿಮಗೆ ಬಿಡಬೇಕಾದದ್ದು 200 ಲೀಟರ್. ಒಂದು ಡ್ರಮ್ಮೇ ಇಡಿ.

ಕರೆಂಟಿನ ವಿಷಯದಲ್ಲಿ ಒಂದೇ ಎಚ್ಚರಿಕೆ. ಬ್ಯಾಟರಿಯಿಲ್ಲದೆ ಕರೆಂಟ್ ಲೈನಿಗೇ ಜೋಡಿಸಿದ ಆನ್-ಗ್ರಿಡ್ ಸೋಲಾರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಲೈನ್‌ಮನ್‌ಗಳ ಜೀವ ಉಳಿಸಲು ಹಾಗೆ ಮಾಡಿರುತ್ತಾರೆ. ಆರು ದೀಪ, ಕಡಿಮೆ ಕರೆಂಟ್ ತಿನ್ನುವ ಎರಡು ಬಿಎಲ್‌ಡಿಸಿ ಫ್ಯಾನು, ಫೋನು ಸೇರಿ ದಿನಕ್ಕೆ ಮುಕ್ಕಾಲು ಯೂನಿಟ್ಟಿನ ಆಸುಪಾಸು. ಎರಡು ದಿನ ಬಿಸಿಲಿಲ್ಲದಿದ್ದರೂ ನಡೆಯಲು 12 ವೋಲ್ಟಿನ 150 ಎಎಚ್ ಬ್ಯಾಟರಿ ಎರಡು ಬೇಕು, ಅರ್ಧಕ್ಕಿಂತ ಹೆಚ್ಚು ಬರಿದು ಮಾಡದಿದ್ದರೆ ಬಾಳಿಕೆ ಬರುತ್ತವೆ.

ಮೇ ಕೊನೆಗೆ ಚರಂಡಿಯ ಹೂಳು ತೆಗೆದು, ತಡೆಗೋಡೆಯ ತೂತುಗಳಿಗೆ ಉದ್ದ ಕಂಬಿ ಹಾಕಿ ಬಿಡಿಸಿ. ಜೋರು ಮಳೆಯಲ್ಲೂ ತೂತುಗಳಿಂದ ನೀರು ಬಾರದಿದ್ದರೆ ಅದು ಒಳಗೆ ನಿಂತಿದೆ ಎಂದು ತಿಳಿಯಿರಿ. ನಿನ್ನೆವರೆಗೆ ಸರಾಗವಾಗಿದ್ದ ಬಾಗಿಲು ಬಿಗಿಯಾದರೆ, ಅಂಗಳದಲ್ಲಿ ಹೊಸ ಬಿರುಕು ಬಿಟ್ಟರೆ, ಮಳೆ ಸುರಿಯುತ್ತಿರುವಾಗಲೇ ಹಳ್ಳದ ನೀರು ಇದ್ದಕ್ಕಿದ್ದಂತೆ ಇಳಿದರೆ ಅಥವಾ ಕೆಸರಾದರೆ ಬೆಳಗಿಗೆ ಕಾಯಬೇಡಿ. ದನಗಳ ಹಗ್ಗ ಬಿಚ್ಚಿ, ಹಳ್ಳದ ದಾರಿ ಬಿಟ್ಟು ದಿಬ್ಬದ ಬೆನ್ನಿನ ಮೇಲಿನ ದಾರಿಯಲ್ಲಿ ಹೊರಡಿ.