ನಿಯೋಫೋಕ್ ಹುಡುಕಿದ್ದು, ಇನ್ನೊಬ್ಬರಿಗೆ ಕೇಳಿಸಿದ್ದು

"ನಿಯೋಫೋಕ್ ಕೇಳಬೇಕು, ಎಲ್ಲಿಂದ ಶುರು ಮಾಡಲಿ?" ಎಂದು ಯಾರಾದರೂ ಕೇಳಿದರೆ ನಾನು ತಕ್ಷಣ ಹೆಸರು ಹೇಳುವುದಿಲ್ಲ. ಈಗ ಏನು ಕೇಳ್ತಿದ್ದೀರಿ ಅಂತ ಮೊದಲು ವಿಚಾರಿಸುತ್ತೇನೆ. ಯುರೋಪಿನ ಹಳೇ ಜನಪದದ ಛಾಯೆ ಹೊತ್ತ ಈ ಹೊಸ ಸಂಗೀತಕ್ಕೆ ಬಾಗಿಲುಗಳು ಜಾಸ್ತಿ. ತಪ್ಪು ಬಾಗಿಲಲ್ಲಿ ಕಳಿಸಿದರೆ ಜನ ಎರಡು ನಿಮಿಷಕ್ಕೇ ಹೊರಗೆ ಬರುತ್ತಾರೆ.

ನಾನು ಬಂದದ್ದು ಮೆಟಲ್ ಕಡೆಯಿಂದ, ಅಂದರೆ ಅಬ್ಬರದ ರಾಕ್ ಸಂಗೀತದಿಂದ. ಬೆಂಗಳೂರಿನ ನನ್ನ ಮೆಟಲ್ ಗೆಳೆಯರಲ್ಲಿ ಹಲವರು ಹಾಗೇ ಬಂದವರು. ನನಗೆ ದಾರಿ ತೋರಿಸಿದ್ದು ನಾರ್ವೆಯ ಉಲ್ವರ್. ಆಗ ಅದು ಬ್ಲ್ಯಾಕ್ ಮೆಟಲ್ ತಂಡ, ಅಂದರೆ ಮೆಟಲ್‌ನಲ್ಲೇ ಕಿರುಚಿ ಹಾಡುವ ಬಗೆ. ಆದರೆ 1996ರ ಎರಡನೇ ಆಲ್ಬಮ್ 'ಕ್ವೆಲ್ಡ್ಸಾಂಗರ್'ನಲ್ಲಿ ಕಿರುಚಾಟವೇ ಇಲ್ಲ. ಅಕೂಸ್ಟಿಕ್ ಗಿಟಾರ್, ಚೆಲ್ಲೊ, ಒಂದರ ಮೇಲೊಂದು ಕೂರಿಸಿದ ಗಂಡುದನಿಗಳು, ಅಷ್ಟೇ. ಮರುವರ್ಷ ಅದೇ ತಂಡ ಕಿವಿ ತೂತು ಮಾಡುವಂಥ ಆಲ್ಬಮ್ ತಂದಿತು ಅನ್ನೋದು ಬೇರೆ ಮಾತು!

ಅಲ್ಲಿಂದ ಮುಂದೆ ನಾನು ಆ್ಯಪ್‌ಗಳು ಮುಂದಿಡುವ ಹಾಡುಗಳನ್ನು ಹೆಚ್ಚು ನಂಬಲಿಲ್ಲ. ಒಮ್ಮೆ ನಾರ್ವೆಯ ವಾರ್ಡ್ರುನಾ ತಂಡದ ಹಾಡು ಹಾಕಿದರೆ ಸಾಕು, ಆಮೇಲೆ ತಿಂಗಳುಗಟ್ಟಲೆ ನಗಾರಿ, ಕೊಂಬು, ಗಂಟಲು ಗುಡುಗು, ಕೊಡಲಿ ಹಿಡಿದ ಗಡ್ಡದವರ ಫೋಟೊ. ಅದರ ಬದಲು ಆಲ್ಬಮ್ಮಿನ ಸಣ್ಣಕ್ಷರ ಓದುತ್ತೇನೆ. ಯಾರು ನುಡಿಸಿದರು, ಯಾವ ಕಂಪನಿ ಹೊರತಂದಿತು? ಜರ್ಮನಿಯ ಎಂಪಿರಿಯಮ್ ಹೀಗೇ ಸಿಕ್ಕಿತು. ಅವರೂ ಮೆಟಲ್ ಬಿಟ್ಟು 1999ರಲ್ಲಿ ಪೂರ್ತಿ ಅಕೂಸ್ಟಿಕ್ ಆಲ್ಬಮ್ ಮಾಡಿದವರು. ಅದನ್ನು ತಂದದ್ದು ಪ್ರಾಫಸಿ ಪ್ರೊಡಕ್ಷನ್ಸ್. ಅವರ ಪಟ್ಟಿಯಲ್ಲೇ ಫಿನ್ಲೆಂಡಿನ ತೆನ್ಹಿ ಕಣ್ಣಿಗೆ ಬಿತ್ತು. ತಗ್ಗುದನಿ, ಅವಸರವೇ ಇಲ್ಲದ ನಡೆ. ನನಗೆ ಇವತ್ತಿಗೂ ಇಡೀ ಪ್ರಕಾರದಲ್ಲಿ ತೆನ್ಹಿಯೇ ಮೇಲು. ಆದರೆ ಹೊಸಬರಿಗೆ ಅದನ್ನು ಮೊದಲು ಕೊಡುವುದಿಲ್ಲ. ನಿದ್ದೆ ಬರುತ್ತೆ ಅಂತಾರೆ.

ವಾರ್ಡ್ರುನಾ ಕೊಡುವುದು ಶ್ರುತಿ ಹಿಡಿದು ಕೂರುವ ಅಭ್ಯಾಸ ಇರುವವರಿಗೆ. ಅದರ ಐನಾರ್ ಸೆಲ್ವಿಕ್ ಹಿಂದೆ ಗೋರ್ಗೊರೊಥ್ ಎಂಬ ಬ್ಲ್ಯಾಕ್ ಮೆಟಲ್ ತಂಡದ ಡ್ರಮ್ಮರ್. ಉತ್ತರ ಯುರೋಪಿನ ಹಳೆಯ ರೂನ್ ಲಿಪಿಯ 24 ಅಕ್ಷರಗಳನ್ನು ಹಿಡಿದು 2009, 2013, 2016ರಲ್ಲಿ ಮೂರು ಆಲ್ಬಮ್ ಮಾಡಿದರು. ಕುದುರೆ ಕೂದಲಿನ ತಂತಿಯ ಟಾಗೆಲ್‌ಹಾರ್ಪಾ ಎಂಬ ವಾದ್ಯವನ್ನು ಕಮಾನಿನಲ್ಲಿ ಉಜ್ಜಿ ನುಡಿಸುತ್ತಾರೆ. ಒರಟು ದನಿ, ಕೆಳಗೆ ಬಿಡದೆ ಹರಿಯುವ ಶ್ರುತಿ. ಏಕತಾರಿ ಹಿಡಿದು ತತ್ವಪದ ಹಾಡುವ ನಮ್ಮ ಚಿಕ್ಕಪ್ಪನಿಗೆ ಎರಡನೇ ಆಲ್ಬಮ್ಮಿನ 'ಹೆಲ್ವೇಗೆನ್' ಕೇಳಿಸಿದೆ. "ಯಾವ ಭಾಷೆನೋ ಇದು?" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಶ್ರುತಿ ಬಿಡ್ತಾನೇ ಇಲ್ವಲ್ಲೋ ಇವನು!" ಸತ್ತವರು ಹೋಗುವ ದಾರಿಯ ಹಾಡು ಚಿಕ್ಕಪ್ಪ ಅಂದೆ. "ಹಂಗಾದ್ರೆ ಇಷ್ಟು ನಿಧಾನ ಸರಿಯಾಗೈತೆ ಬಿಡು" ಎಂದು ಪೂರ್ತಿ ಕೇಳಿದರು.

ಒಂದು ವಿಷಯ ಮಾತ್ರ ಮುಚ್ಚಿಟ್ಟು ಯಾರಿಗೂ ಶಿಫಾರಸು ಮಾಡುವುದಿಲ್ಲ. ನಿಯೋಫೋಕ್ ಹುಟ್ಟಿದ್ದು 1980ರ ದಶಕದ ಇಂಗ್ಲೆಂಡಿನಲ್ಲಿ, ಪಂಕ್ ರಾಕ್ ಬೆನ್ನಿಗೇ ಬಂದ ಪೋಸ್ಟ್-ಪಂಕ್ ಹುಡುಗರ ಕೈಯಲ್ಲಿ. 1981ರಲ್ಲಿ ಶುರುವಾದ ಡೆತ್ ಇನ್ ಜೂನ್ ಇದರ ಮೂಲ ತಂಡಗಳಲ್ಲೊಂದು. ಅವರ ಗುರುತಿನಲ್ಲೇ ನಾಜಿ ಎಸ್‌ಎಸ್ ಪಡೆಯ ತಲೆಬುರುಡೆ ಇದೆ. ಕಲೆಯ ಆಟ ಅಂತ ಒಬ್ಬರು, ಅಲ್ಲ ನಿಜವಾದ ಒಲವು ಅಂತ ಇನ್ನೊಬ್ಬರು. ಜಗಳ ಇನ್ನೂ ನಿಂತಿಲ್ಲ. ಆ ತಂಡದ ಟೋನಿ ವೇಕ್‌ಫೋರ್ಡ್ ಬ್ರಿಟನ್ನಿನ ಬಲಪಂಥೀಯ ಪಕ್ಷ ನ್ಯಾಷನಲ್ ಫ್ರಂಟ್ ಸೇರಿದ್ದರು, ಬಹಳ ವರ್ಷಗಳ ಮೇಲೆ ಬಹಿರಂಗವಾಗಿ ವಿಷಾದ ಹೇಳಿದರು. ಹೊಸ ತಂಡ ಸಿಕ್ಕಿದಾಗ ಹಾಡಿನ ಪದಗಳ ಅರ್ಥ, ಕೊಟ್ಟ ಸಂದರ್ಶನ ನೋಡದೆ ನಾನು ಲಿಂಕ್ ಕಳಿಸಲ್ಲ. ಹಾಗಂತ, ನಾಜಿಗಳು ರೂನ್ ಬಳಸಿದ್ದರು ಅಂತ ರೂನ್ ಕಂಡಲ್ಲೆಲ್ಲ ನಾಜಿ ಹುಡುಕುವುದೂ ಅತಿಯಾಯಿತು.

ಮೆಟಲ್ಲೂ ಬೇಡ, ಗಡ್ಡವೂ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಇಂಗ್ಲೆಂಡಿನ ನಿಯೋಫೋಕ್ ತಂಡ ಕರೆಂಟ್ 93ರ ಡೇವಿಡ್ ಟಿಬೆಟ್ ಇಂಗ್ಲಿಷ್ ಜನಪದ ಗಾಯಕಿ ಶರ್ಲಿ ಕಾಲಿನ್ಸ್ ಅವರ ಅಭಿಮಾನಿ. ಶರ್ಲಿ 1970ರ ದಶಕದ ಕೊನೆಗೆ ದನಿ ಕೈಕೊಟ್ಟು ಹಾಡು ನಿಲ್ಲಿಸಿದ್ದರು. ಮತ್ತೆ ಹಾಡಿ ಅಂತ ಟಿಬೆಟ್ ಬೆನ್ನು ಬಿಡಲಿಲ್ಲ. 2014ರಲ್ಲಿ ಶರ್ಲಿ ಲಂಡನ್ನಿನಲ್ಲಿ ಮತ್ತೆ ವೇದಿಕೆ ಹತ್ತಿದರು. 2016ರಲ್ಲಿ, ಎಂಬತ್ತು ದಾಟಿದ ಮೇಲೆ, 'ಲೋಡ್‌ಸ್ಟಾರ್' ಆಲ್ಬಮ್ ಬಂತು. ಸಸೆಕ್ಸ್‌ನ ತಮ್ಮ ಮನೆಯಲ್ಲೇ ಹಾಡಿ ರೆಕಾರ್ಡ್ ಮಾಡಿದ್ದು. ಮುದಿಯಾದ ದನಿ. ಅಲಂಕಾರವಿಲ್ಲ, ಕೊಲೆ, ಸಾವಿನ ಕಥೆಯನ್ನೂ ಊರ ಸುದ್ದಿ ಹೇಳಿದ ಹಾಗೆ ಹೇಳಿ ಮುಗಿಸುತ್ತಾರೆ.

ಆಫೀಸಿನ ಗೆಳತಿಯೊಬ್ಬಳಿಗೆ ಅದರ ಒಂದೇ ಹಾಡು ಕಳಿಸಿದ್ದೆ. ಪ್ರಕಾರದ ಹೆಸರೂ ಹೇಳಿರಲಿಲ್ಲ. ಒಂದು ಹಾಡು ಕೊಟ್ಟರೆ ಜನ ಕೇಳುತ್ತಾರೆ, ಪಟ್ಟಿ ಕೊಟ್ಟರೆ ಥ್ಯಾಂಕ್ಸ್ ಹೇಳಿ ಮರೆಯುತ್ತಾರೆ. ಅವಳು ಈಗ ನಿಯೋಫೋಕ್ ಕಡೆ ತಲೆಯೇ ಹಾಕಲ್ಲ. ಇಂಗ್ಲೆಂಡಿನ ಹಳೇ ಲಾವಣಿಗಳನ್ನೇ ಹುಡುಕಿ ಹುಡುಕಿ ಕೇಳುತ್ತಾಳೆ, ನನಗೂ ಕಳಿಸುತ್ತಾಳೆ. ಹೋದ ವಾರ ಕಳಿಸಿದ್ದು ನಾನಿನ್ನೂ ಕೇಳಿಲ್ಲ.