ವೈರಸ್‌ನಿಂದಾಗುವ ಕೋಶ ರೂಪಾಂತರದಲ್ಲಿ ಈಸ್ಟ್ರೋಜೆನ್‌ನ ಪಾತ್ರವನ್ನು ಪರೀಕ್ಷಿಸುವ ಬಗೆ

ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ಮಾನವ ಪ್ಯಾಪಿಲೋಮಾ ವೈರಸ್ 16ರ ಇ6 ಪ್ರೋಟೀನು ಕೋಶವು ಅತಿಯಾಗಿ ವಿಭಜನೆಯಾಗದಂತೆ ತಡೆಯುವ ಪಿ53 ಪ್ರೋಟೀನನ್ನು ನಾಶಪಡಿಸಿದರೆ, ಇ7 ಪ್ರೋಟೀನು ಅಂಥದ್ದೇ ತಡೆಯಾದ ಆರ್‌ಬಿ ಪ್ರೋಟೀನನ್ನು ನಿಷ್ಕ್ರಿಯಗೊಳಿಸುತ್ತದೆ. ಆದರೂ ಸೋಂಕು ತಗುಲಿದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದಿಲ್ಲ. ಈ ವೈರಸ್‌ನ ವಂಶವಾಹಿಗಳನ್ನು ಹೊತ್ತ ಇಲಿಗಳಿಗೆ ತಿಂಗಳುಗಟ್ಟಲೆ ಎಸ್ಟ್ರಾಡಯೋಲ್ (ಈಸ್ಟ್ರೋಜೆನ್ ಹಾರ್ಮೋನಿನ ಒಂದು ಬಗೆ) ಕೊಟ್ಟಾಗ ಗರ್ಭಕಂಠದಲ್ಲಿ ಕ್ಯಾನ್ಸರ್ ಬೆಳೆಯುತ್ತದೆ ಎಂಬುದು 1996ರಲ್ಲಿ ಪ್ರಕಟವಾಯಿತು. ಸಾಮಾನ್ಯ ಕೋಶವು ಕ್ಯಾನ್ಸರ್ ಕೋಶದಂತಾಗುವ ಈ ರೂಪಾಂತರಕ್ಕೆ ಹಾರ್ಮೋನಿನ ನೆರವು ಯಾವ ಹಂತದಲ್ಲಿ ಒದಗುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ ಪರೀಕ್ಷಿಸಬಹುದು.

ಮೊದಲ ಕೆಲಸ, ನಾವು ಸೇರಿಸದಿದ್ದರೂ ತಟ್ಟೆಯಲ್ಲಿ ಇದ್ದೇ ಇರುವ ಈಸ್ಟ್ರೋಜೆನ್ನನ್ನು ತೆಗೆಯುವುದು. ಪೋಷಕ ದ್ರಾವಣಕ್ಕೆ ಗುಲಾಬಿ ಬಣ್ಣ ಕೊಡುವ ಫಿನಾಲ್ ರೆಡ್ ಈಸ್ಟ್ರೋಜೆನ್‌ನಂತೆ ವರ್ತಿಸಬಲ್ಲದು ಎಂದು 1986ರಲ್ಲೇ ವರದಿಯಾಗಿದೆ; ಕೋಶಗಳ ಪೋಷಣೆಗೆ ಸೇರಿಸುವ ಸೀರಂನಲ್ಲಂತೂ (ರಕ್ತದ ತಿಳಿ ದ್ರವ) ಪ್ರಾಣಿಯ ಹಾರ್ಮೋನುಗಳೇ ಇರುತ್ತವೆ. ಆದ್ದರಿಂದ ಫಿನಾಲ್ ರೆಡ್ ಇಲ್ಲದ ದ್ರಾವಣವನ್ನೂ, ಇದ್ದಿಲಿನಿಂದ ಹಾರ್ಮೋನು ಹೀರಿ ತೆಗೆದ ಸೀರಂ ಅನ್ನೂ ಬಳಸಿ, ಕೋಶಗಳನ್ನು ಕೆಲವು ದಿನ ಅದರಲ್ಲೇ ಇಟ್ಟು ಆಮೇಲೆ ಪ್ರಯೋಗ ಆರಂಭಿಸಬೇಕು. ಈ ಹಂತವನ್ನು ಬಿಟ್ಟರೆ ಮುಂದಿನ ಯಾವ ಹೋಲಿಕೆಯನ್ನೂ ನಂಬುವಂತಿಲ್ಲ.

ಎಸ್ಟ್ರಾಡಯೋಲನ್ನು ಎಥನಾಲಿನಲ್ಲಿ ಕರಗಿಸಿ 0.1ರಿಂದ 10 ನ್ಯಾನೋಮೋಲಾರ್ ವ್ಯಾಪ್ತಿಯ ಹಲವು ಪ್ರಮಾಣಗಳಲ್ಲಿ ಕೊಡಿ. ಹೋಲಿಕೆಯ ತಟ್ಟೆಗೆ ಅಷ್ಟೇ ಎಥನಾಲನ್ನು ಮಾತ್ರ ಹಾಕಿ. ಇನ್ನೊಂದು ಗುಂಪಿಗೆ ಹಾರ್ಮೋನಿನ ಜೊತೆಗೆ ಗ್ರಾಹಕವನ್ನು (ಹಾರ್ಮೋನು ಬಂದು ಅಂಟುವ ಕೋಶದ ಪ್ರೋಟೀನು) ತಡೆಯುವ ಔಷಧವಾದ ಫುಲ್ವೆಸ್ಟ್ರಂಟ್ ಕೊಡಿ. ಪರಿಣಾಮವು ಗ್ರಾಹಕದ ಮೂಲಕವೇ ಆಗುತ್ತಿದ್ದರೆ ಅಲ್ಲಿ ಅದು ಕುಗ್ಗಬೇಕು. ವೈರಸ್ ಸೇರಿಸುವ ಮುನ್ನ, ಸೇರಿಸುವಾಗ, ಸೇರಿಸಿದ ನಂತರ ಎಂದು ಹಾರ್ಮೋನು ಕೊಡುವ ಕಾಲವನ್ನು ಬೇರೆಬೇರೆ ತಟ್ಟೆಗಳಿಗೆ ಹಂಚಿದಾಗಲೇ ಅದು ನೆರವಾಗುವ ಹಂತ ಗೊತ್ತಾಗುತ್ತದೆ.

ಎಣಿಕೆಯಲ್ಲಿ ವಿಶೇಷ ಎಚ್ಚರ ಬೇಕು. ಒಂದೇ ಪದರವಾಗಿ ಹರಡಿ ನಿಲ್ಲಬೇಕಾದ ಕೋಶಗಳು ಒಂದರ ಮೇಲೊಂದು ಏರಿ ಗುಡ್ಡೆಕಟ್ಟಿದ ಜಾಗಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಎಣಿಸುವವರಿಗೆ ಯಾವ ತಟ್ಟೆಗೆ ಏನು ಹಾಕಿದೆ ಎಂಬುದು ತಿಳಿದಿರಬಾರದು. ಈಸ್ಟ್ರೋಜೆನ್ ಸಾಮಾನ್ಯ ಕೋಶಗಳ ವಿಭಜನೆಯನ್ನೂ ಚುರುಕುಗೊಳಿಸಬಲ್ಲದಾದ್ದರಿಂದ ಗುಡ್ಡೆಗಳು ಹೆಚ್ಚಿದ ಮಾತ್ರಕ್ಕೆ ರೂಪಾಂತರ ಹೆಚ್ಚಿತೆಂದು ಹೇಳಲಾಗದು. ವೈರಸ್ ಇಲ್ಲದ, ಹಾರ್ಮೋನು ಮಾತ್ರ ಪಡೆದ ತಟ್ಟೆ ಇದಕ್ಕಾಗಿಯೇ ಬೇಕು. ಆಯ್ದ ಕೋಶಗಳು ತಳಕ್ಕೆ ಅಂಟಿಕೊಳ್ಳದೆ ಮೃದು ಅಗರ್‌ನಲ್ಲಿ ಬೆಳೆಯುತ್ತವೆಯೇ (ರೂಪಾಂತರಗೊಂಡ ಕೋಶಗಳ ಲಕ್ಷಣವಿದು) ಎಂದು ನೋಡಿ, ಜೊತೆಗೆ ಇ6 ಮತ್ತು ಇ7ರ ಆರ್‌ಎನ್‌ಎ ಪ್ರಮಾಣವನ್ನೂ ಅಳೆಯಿರಿ.

ಫಲಿತಾಂಶ ಶೂನ್ಯವಾದರೆ ಹಾರ್ಮೋನಿಗೆ ಪಾತ್ರವಿಲ್ಲವೆಂದು ತೀರ್ಮಾನಿಸುವ ಮೊದಲು ಆ ಕೋಶಗಳಲ್ಲಿ ಗ್ರಾಹಕ ಉಳಿದಿದೆಯೇ ಎಂದು ಪರೀಕ್ಷಿಸಿ, ಏಕೆಂದರೆ ಬಹುಕಾಲ ಬೆಳೆಸಿದ ಕೋಶಗಳಲ್ಲಿ ಅದು ಇಲ್ಲವಾಗಿರಬಹುದು. ಇಲಿಗಳಲ್ಲಿ ಮೇಲ್ಪದರದ ಕೆಳಗಿರುವ ಸಂಯೋಜಕ ಅಂಗಾಂಶದ ಈಸ್ಟ್ರೋಜೆನ್ ಆಲ್ಫಾ ಗ್ರಾಹಕವೂ ಈ ಕ್ಯಾನ್ಸರ್‌ಗೆ ಅಗತ್ಯವೆಂದು ಕಂಡುಬಂದಿದೆ. ಆದ್ದರಿಂದ ಮೇಲ್ಪದರದ ಕೋಶಗಳನ್ನಷ್ಟೇ ಬೆಳೆಸಿ ಕೈಬಿಡದೆ, ಅವನ್ನು ಸಂಯೋಜಕ ಅಂಗಾಂಶದ ಕೋಶಗಳಾದ ಫೈಬ್ರೊಬ್ಲಾಸ್ಟ್‌ಗಳ ಜೊತೆ ಬೆಳೆಸಿ ಇನ್ನೊಮ್ಮೆ ಪರೀಕ್ಷಿಸುವುದು ಒಳಿತು.